ದುರಸ್ತಿಯೇ ದೋಷವಾದಾಗ: ಕರ್ನೆಲ್ ಅಂಗಳದ ಮುಗಿಯದ ವಾದ

ವಸಂತನರಸಾಪುರ (ತುಮಕೂರು): ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲಿರುವ ಈ ಕೈಗಾರಿಕಾ ಪ್ರದೇಶದ ಹೆಸರು ಮೊದಲು ದೇಶದ ಗಮನ ಸೆಳೆದದ್ದು 2014ರ ಸೆಪ್ಟೆಂಬರ್ 24ರಂದು, ಪ್ರಧಾನಿ ನರೇಂದ್ರ ಮೋದಿ ಅವರು ಇಲ್ಲಿನ ಫುಡ್ ಪಾರ್ಕ್ ಉದ್ಘಾಟಿಸಿದಾಗ. ಬಳಿಕ ಯಂತ್ರೋಪಕರಣಗಳ ತಯಾರಿಕೆಗೆಂದೇ ಮಷೀನ್ ಟೂಲ್ ಪಾರ್ಕ್ ರೂಪುಗೊಂಡಿತು. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನ ಭಾಗವಾದ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೆ 2023ರ ಫೆಬ್ರವರಿ 6ರಂದು ಶಂಕುಸ್ಥಾಪನೆಯಾಯಿತು.

ಇಂತಹ ಪ್ರದೇಶದಲ್ಲಿ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಲೋಹ ಕೊರೆಯುವ ಒಂದು ಯಂತ್ರ. ಅದನ್ನು ನಡೆಸುವ ಗಣಕದ ಒಡಲಲ್ಲಿ ಲಿನಕ್ಸ್ ಇದೆ. ಐದು ವರ್ಷಗಳಿಂದ ಯಂತ್ರ ತಕರಾರಿಲ್ಲದೆ ಓಡುತ್ತಿದೆ. ಒಂದು ದಿನ ತಂತ್ರಾಂಶದ ಹೊಸ ಪರಿಷ್ಕರಣೆ ಬರುತ್ತದೆ. ಅದರಲ್ಲಿ ಒಂದು ಗಂಭೀರ ದೋಷಕ್ಕೆ ಪರಿಹಾರವಿದೆ ಎಂಬ ಸೂಚನೆಯೂ ಇರುತ್ತದೆ. ಹಾಕಿಕೊಂಡರೆ ಓಡುತ್ತಿರುವ ಯಂತ್ರ ನಿಲ್ಲಬಹುದೆಂಬ ಭಯ. ಹಾಕಿಕೊಳ್ಳದಿದ್ದರೆ ದೋಷ ಉಳಿಯುತ್ತದೆ. ಮೇಲ್ವಿಚಾರಕ ಏನು ಮಾಡಬೇಕು?

ಈ ಪ್ರಶ್ನೆ ಕಾರ್ಖಾನೆಯ ಅಂಗಳದಲ್ಲಿ ಹುಟ್ಟಿದ್ದಲ್ಲ. ಲಿನಕ್ಸ್ ಬರೆಯುವವರ ನಡುವೆಯೇ ಇದು ಹತ್ತಾರು ವರ್ಷಗಳಿಂದ ವಾದವಾಗಿ, ಕೆಲವೊಮ್ಮೆ ಜಗಳವಾಗಿ ನಡೆದುಬಂದಿದೆ. ದೋಷ ಸರಿಪಡಿಸಬೇಕೆಂಬುದರಲ್ಲಿ ಅವರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಸರಿಪಡಿಸುವಾಗ ಬರುವ ಅಪಾಯವನ್ನು ಯಾರು ಹೊರಬೇಕು ಎಂಬಲ್ಲಿ ವಾದ ಆರಂಭವಾಗುತ್ತದೆ.

ಏನಿದು ಕರ್ನೆಲ್, ಏನಿದು ರಿಗ್ರೆಶನ್?

ಯಾವುದೇ ಗಣಕದಲ್ಲಿ ನಮ್ಮ ಕಣ್ಣಿಗೆ ಕಾಣುವ ತಂತ್ರಾಂಶಗಳಿಗೂ ಒಳಗಿನ ಯಂತ್ರಾಂಶಕ್ಕೂ ನಡುವೆ ನಿಂತು ವ್ಯವಹಾರ ನಡೆಸುವ ತಿರುಳೇ ಕರ್ನೆಲ್. ಸ್ಮರಣೆಯನ್ನು ಹಂಚುವುದು, ಡಿಸ್ಕಿಗೆ ಕಡತ ಬರೆಯುವುದು, ಯಾವ ಕೆಲಸಕ್ಕೆ ಪ್ರೊಸೆಸರ್ ಎಷ್ಟು ಹೊತ್ತು ಸಿಗಬೇಕೆಂದು ತೀರ್ಮಾನಿಸುವುದು ಎಲ್ಲವೂ ಅದರ ಹೊಣೆ. ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ಸುಮಾರು 4 ಕೋಟಿ ಸಾಲುಗಳಷ್ಟು ಬೆಳೆದಿದೆ. ಆಂಡ್ರಾಯ್ಡ್ ಫೋನುಗಳಿಂದ ಹಿಡಿದು ದೊಡ್ಡ ಸರ್ವರ್‌ಗಳವರೆಗೆ ಅದರದೇ ಆಳ್ವಿಕೆ.

ಬರೆದದ್ದು ಎಣಿಸಿದಂತೆ ನಡೆಯದಿದ್ದರೆ ಅದು ದೋಷ, ಅಂದರೆ ಬಗ್. ಅದನ್ನು ಸರಿಪಡಿಸಲು ಬರೆಯುವ ತುಣುಕು ಪ್ಯಾಚ್. ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಕೆಲಸ ಹೊಸ ಆವೃತ್ತಿಯಿಂದಾಗಿ ಇಂದು ಕೆಟ್ಟರೆ ಅದಕ್ಕೆ ರಿಗ್ರೆಶನ್, ಅಂದರೆ ಹಿನ್ನಡೆ ಎನ್ನುತ್ತಾರೆ. ಎರಡಕ್ಕೂ ವ್ಯತ್ಯಾಸವಿದೆ. ಮೊದಲಿನಿಂದಲೂ ಸೋರುತ್ತಿರುವ ಸೂರಿನ ಕೆಳಗೆ ಮನೆಯವರು ಪಾತ್ರೆ ಇಟ್ಟು ಹೇಗೋ ಹೊಂದಿಕೊಂಡಿರುತ್ತಾರೆ. ಸೋರದ ಸೂರನ್ನು ದುರಸ್ತಿಯವನೇ ಬಂದು ಸೋರುವಂತೆ ಮಾಡಿದರೆ ಮನೆಯವರು ಮತ್ತೆಂದೂ ಅವನನ್ನು ಕರೆಯಲಾರರು.

ಈ ಕಾರಣದಿಂದಲೇ ಲಿನಕ್ಸ್ ಸಮುದಾಯದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಬಳಕೆದಾರರ ತಂತ್ರಾಂಶವನ್ನು ಕರ್ನೆಲ್‌ನ ಬದಲಾವಣೆ ಕೆಡಿಸಕೂಡದು. ಕೆಡಿಸಿದರೆ ಆ ಬದಲಾವಣೆ ಎಷ್ಟೇ ಒಳ್ಳೆಯದಾಗಿದ್ದರೂ ಅದನ್ನು ತಿದ್ದಬೇಕು, ಇಲ್ಲವೇ ಹಿಂದೆಗೆಯಬೇಕು.

2012ರ ಡಿಸೆಂಬರ್‌ನಲ್ಲಿ ಈ ನಿಯಮದ ಬಿಸಿ ಜಗತ್ತಿಗೇ ತಟ್ಟಿತು. ವಿಡಿಯೊ ಸಾಧನಗಳ ವಿಭಾಗದಲ್ಲಿ ಮಾಡಿದ ಒಂದು ಬದಲಾವಣೆಯಿಂದ ಕರ್ನೆಲ್ ಹಿಂದಿರುಗಿಸುವ ದೋಷಸಂಖ್ಯೆ ಬೇರೆಯಾಯಿತು. ಅದನ್ನು ನೆಚ್ಚಿಕೊಂಡಿದ್ದ ಅನ್ವಯಿಕ ತಂತ್ರಾಂಶಗಳು ಎಡವಿದವು. ತಪ್ಪು ಆ ತಂತ್ರಾಂಶದ್ದೇ ಎಂದು ವಿಭಾಗದ ಉಸ್ತುವಾರಿ ಹೊತ್ತವರು ವಾದಿಸಿದರು. ಟೊರ್ವಾಲ್ಡ್ಸ್ ಅದನ್ನು ಸುತರಾಂ ಒಪ್ಪಲಿಲ್ಲ. ಅವರ ಉತ್ತರದ ಕಟು ಭಾಷೆ ವರ್ಷಗಟ್ಟಲೆ ಚರ್ಚೆಯಾಯಿತು. ತಮ್ಮ ಇಂತಹ ವರ್ತನೆಗಾಗಿ 2018ರ ಸೆಪ್ಟೆಂಬರ್‌ನಲ್ಲಿ ಅವರು ಕ್ಷಮೆ ಕೋರಿ ಕೆಲಕಾಲ ಬಿಡುವು ಪಡೆದರು. ಅದೇ ಸಂದರ್ಭದಲ್ಲಿ ಸಮುದಾಯಕ್ಕೆ ಹೊಸ ನಡವಳಿಕೆ ಸಂಹಿತೆಯೂ ಬಂತು. ಮಾತಿನ ಧಾಟಿ ಬದಲಾಯಿತು, ನಿಯಮ ಬದಲಾಗಲಿಲ್ಲ.

ಒಳ್ಳೆಯ ಕೆಲಸಕ್ಕೆ ಕೆಟ್ಟ ಫಲ

ನಿಯಮ ಕೇಳಲು ಸರಳ. ಪಾಲಿಸುವುದು ಎಷ್ಟು ಕಷ್ಟ ಎಂಬುದಕ್ಕೆ 2019ರ ಒಂದು ಪ್ರಕರಣ ನಿದರ್ಶನ.

ಲಿನಕ್ಸ್ 5.3ರ ತಯಾರಿಯಲ್ಲಿ, ಕಡತಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಎಕ್ಸ್ಟ್4 ವ್ಯವಸ್ಥೆಗೆ ಒಂದು ಸುಧಾರಣೆ ಮಾಡಲಾಯಿತು. ಗಣಕ ಚಾಲೂ ಆಗುವಾಗ ಡಿಸ್ಕಿಗೆ ಹೋಗಿಬರುವ ಸಂಖ್ಯೆ ಅದರಿಂದ ಕಡಿಮೆಯಾಯಿತು. ಎಲ್ಲ ರೀತಿಯಿಂದಲೂ ಮೆಚ್ಚಬೇಕಾದ ಕೆಲಸ. ಆದರೆ ಪರೀಕ್ಷಿಸುತ್ತಿದ್ದ ಒಬ್ಬ ಬಳಕೆದಾರನ ಲ್ಯಾಪ್‌ಟಾಪ್ ಚಾಲೂ ಆಗುವಾಗಲೇ ಸ್ತಬ್ಧವಾಗತೊಡಗಿತು.

ಕಾರಣ ಅನಿರೀಕ್ಷಿತವಾಗಿತ್ತು. ಗೂಢಲಿಪಿಗೆ ಬೇಕಾದ ಯಾದೃಚ್ಛಿಕ ಸಂಖ್ಯೆಗಳನ್ನು ತಯಾರಿಸಲು ಕರ್ನೆಲ್ ಡಿಸ್ಕಿನಂತಹ ಸಾಧನಗಳ ಚಟುವಟಿಕೆಯಲ್ಲಿನ ಅನಿಶ್ಚಿತತೆಯನ್ನು ಸಂಗ್ರಹಿಸುತ್ತದೆ. ಡಿಸ್ಕಿನ ಚಟುವಟಿಕೆ ತಗ್ಗಿದ್ದರಿಂದ ಆ ಸಂಗ್ರಹ ಬೇಗ ತುಂಬಲಿಲ್ಲ. ಪರದೆಯ ತಂತ್ರಾಂಶ ಸಂಖ್ಯೆಗಾಗಿ ಕಾಯುತ್ತ ಕುಳಿತಿತು. ಬಳಕೆದಾರ ಕೀಲಿಮಣೆ ಒತ್ತಿದರೆ ಹೊಸ ಅನಿಶ್ಚಿತತೆ ಸಿಗುತ್ತಿತ್ತು, ಆದರೆ ಪರದೆಯೇ ಮೂಡದೆ ಅವನು ಏನನ್ನು ಒತ್ತಬೇಕು?

ಎಕ್ಸ್ಟ್4 ಸುಧಾರಣೆಯಲ್ಲಿ ಯಾವ ತಪ್ಪೂ ಇರಲಿಲ್ಲ. ಆದರೂ 5.3 ಬಿಡುಗಡೆಯಾದ ಸೆಪ್ಟೆಂಬರ್ 15ರಂದು ಟೊರ್ವಾಲ್ಡ್ಸ್ ಅದನ್ನು ಹಿಂದೆಗೆದರು. ಬಳಕೆದಾರನಿಗೆ ಗಣಕ ಚಾಲೂ ಆಗದಿದ್ದರೆ, ತಪ್ಪು ಯಾವ ಸಾಲಿನದು ಎಂಬ ಪ್ರಶ್ನೆ ಆಮೇಲಿನದು ಎಂಬುದು ಇದರ ತಾತ್ಪರ್ಯ. ಮುಂದಿನ ಆವೃತ್ತಿಯಲ್ಲಿ ಅನಿಶ್ಚಿತತೆ ಸಂಗ್ರಹಿಸುವ ಹೊಸ ವಿಧಾನ ಬಂತು, ಸುಧಾರಣೆಯೂ ಮರಳಿತು.

ಇದಕ್ಕೂ ಹತ್ತು ವರ್ಷ ಹಿಂದೆ, 2009ರಲ್ಲಿ, ಇದೇ ಎಕ್ಸ್ಟ್4 ಇನ್ನೊಂದು ವಿವಾದಕ್ಕೆ ಕಾರಣವಾಗಿತ್ತು. ವೇಗಕ್ಕಾಗಿ ಅದು ದತ್ತಾಂಶವನ್ನು ಡಿಸ್ಕಿಗೆ ಬರೆಯುವುದನ್ನು ತುಸು ತಡಮಾಡುತ್ತಿತ್ತು. ಅಷ್ಟರಲ್ಲಿ ಗಣಕ ಏಕಾಏಕಿ ಸ್ಥಗಿತಗೊಂಡರೆ ಕೆಲವು ಕಡತಗಳು ಬರಿದಾಗಿ ಉಳಿಯುತ್ತಿದ್ದವು. ಹಿಂದಿನ ಎಕ್ಸ್ಟ್3ರಲ್ಲಿ ಈ ತೊಂದರೆ ಹೀಗೆ ಕಾಡಿರಲಿಲ್ಲ. ದತ್ತಾಂಶ ಡಿಸ್ಕಿಗೆ ಸೇರಲೇಬೇಕೆಂದಿದ್ದರೆ ತಂತ್ರಾಂಶ ಅದನ್ನು ಸ್ಪಷ್ಟವಾಗಿ ಕೇಳಬೇಕು, ಮಾನದಂಡ ಹೇಳುವುದೇ ಹಾಗೆ ಎಂದು ಎಕ್ಸ್ಟ್4ರ ಮುಖ್ಯಸ್ಥ ಟೆಡ್ ಸೊ ವಾದಿಸಿದರು. ತಾಂತ್ರಿಕವಾಗಿ ಅದು ಸರಿಯಾದ ಮಾತು. ಕಡತ ಕಳೆದುಕೊಂಡವನಿಗೆ ಅದರಿಂದ ಸಮಾಧಾನವಿಲ್ಲ. ಕೊನೆಗೆ ಅವರೇ 2.6.30ನೇ ಆವೃತ್ತಿಗೆ ರಕ್ಷಣೋಪಾಯಗಳನ್ನು ಸೇರಿಸಿದರು. ನಿಯಮಪುಸ್ತಕ ಒಂದು ಕಡೆ, ಜನರ ರೂಢಿ ಇನ್ನೊಂದು ಕಡೆ ಎಂದಾಗ ಕರ್ನೆಲ್ ರೂಢಿಯ ಕಡೆ ವಾಲಿತು.

ಪಂಚಾಂಗ ಮೀರಿದ ಪ್ಯಾಚ್

ಇನ್ನೊಂದು ಬಗೆಯ ತಕರಾರು ಕಾಲಕ್ಕೆ ಸಂಬಂಧಿಸಿದ್ದು. ಲಿನಕ್ಸಿನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ. ಮೊದಲ ಎರಡು ವಾರ ಹೊಸ ಸೌಲಭ್ಯಗಳಿಗೆ ಬಾಗಿಲು ತೆರೆದಿರುತ್ತದೆ. ಆಮೇಲಿನ ಏಳೆಂಟು ವಾರ ಪರೀಕ್ಷೆಯ ಅವಧಿ. ಆಗ ದೋಷಪರಿಹಾರಗಳಿಗೆ ಮಾತ್ರ ಪ್ರವೇಶ. ಬಿತ್ತನೆಗೊಂದು ಕಾಲ, ಕಳೆ ಕೀಳಲೊಂದು ಕಾಲ ಎಂಬ ಹಾಗೆ.

ಬಿಕ್ಯಾಶ್ಎಫ್ಎಸ್ ಎಂಬ ಹೊಸ ಕಡತ ವ್ಯವಸ್ಥೆ 2024ರ ಜನವರಿಯಲ್ಲಿ ಬಿಡುಗಡೆಯಾದ 6.7ನೇ ಆವೃತ್ತಿಯೊಂದಿಗೆ ಲಿನಕ್ಸಿನ ಒಳಗೆ ಬಂತು. ಅದರ ಕರ್ತೃ ಕೆಂಟ್ ಓವರ್‌ಸ್ಟ್ರೀಟ್. ಅದೇ ವರ್ಷದ ಆಗಸ್ಟ್‌ನಲ್ಲಿ, ಪರೀಕ್ಷೆಯ ಅವಧಿ ಅರ್ಧ ಕಳೆದ ಮೇಲೆ, ಅವರು ದೊಡ್ಡದೊಂದು ಬದಲಾವಣೆಯ ಕಟ್ಟನ್ನು ಕಳುಹಿಸಿದರು. ಇವು ದೋಷಪರಿಹಾರಗಳಲ್ಲ, ಹೊಸ ಅಭಿವೃದ್ಧಿ ಎಂದು ಟೊರ್ವಾಲ್ಡ್ಸ್ ಆಕ್ಷೇಪಿಸಿದರು. 2025ರ ಜೂನ್‌ನಲ್ಲಿ ಜಗಳ ಮರುಕಳಿಸಿತು. ಕೆಟ್ಟುಹೋದ ಕಡತ ವ್ಯವಸ್ಥೆಯಿಂದ ದತ್ತಾಂಶ ಮರಳಿ ಪಡೆಯಲು ನೆರವಾಗುವ ಒಂದು ಹೊಸ ಆಯ್ಕೆಯನ್ನು ಓವರ್‌ಸ್ಟ್ರೀಟ್ 6.16ರ ಪರೀಕ್ಷಾ ಹಂತದಲ್ಲಿ ಸೇರಿಸಬಯಸಿದ್ದರು.

ಇಲ್ಲಿ ಎರಡೂ ಪಕ್ಷಗಳ ವಾದದಲ್ಲಿ ಹುರುಳಿದೆ. ಬಳಕೆದಾರನ ದತ್ತಾಂಶ ಇಂದು ಅಪಾಯದಲ್ಲಿರುವಾಗ ಮುಂದಿನ ಆವೃತ್ತಿಗಾಗಿ ವಾರಗಟ್ಟಲೆ ಕಾಯಿರಿ ಎನ್ನುವುದು ಯಾವ ನ್ಯಾಯ ಎಂಬುದು ಕರ್ತೃವಿನ ಪ್ರಶ್ನೆ. ಪರೀಕ್ಷೆಯ ಕಾಲದಲ್ಲಿ ಹೊಸತನ್ನು ಸೇರಿಸಿದರೆ ಅದನ್ನು ಪರೀಕ್ಷಿಸುವವರು ಯಾರು, ಒಬ್ಬರಿಗೆ ವಿನಾಯಿತಿ ಕೊಟ್ಟರೆ ಉಳಿದ ನೂರಾರು ವಿಭಾಗಗಳಿಗೆ ಏನು ಹೇಳುವುದು ಎಂಬುದು ಎದುರುಪಕ್ಷದ ಪ್ರಶ್ನೆ. ಟೊರ್ವಾಲ್ಡ್ಸ್ ಆ ಬಾರಿ ಬದಲಾವಣೆಯನ್ನು ಸ್ವೀಕರಿಸಿದರಾದರೂ ಇನ್ನು ದಾರಿ ಬೇರೆ ಎಂದು ಸೂಚಿಸಿದರು. 6.17ರಲ್ಲಿ ಆ ವ್ಯವಸ್ಥೆಯ ಉಸ್ತುವಾರಿ ಹೊರಗಿನದೆಂದು ಗುರುತಿಸಲಾಯಿತು. 2025ರ ನವೆಂಬರ್‌ನಲ್ಲಿ ಬಿಡುಗಡೆಯಾದ 6.18ರ ವೇಳೆಗೆ ಅದನ್ನು ತೆಗೆದೇ ಹಾಕಲಾಯಿತು. ಈಗ ಬೇಕಾದವರು ಪ್ರತ್ಯೇಕವಾಗಿ ಜೋಡಿಸಿಕೊಳ್ಳಬೇಕು.

ಹಳೆಯ ಗಿಡಕ್ಕೆ ಹೊಸ ಕಸಿ

ಕಾರ್ಖಾನೆಗಳು, ಬ್ಯಾಂಕುಗಳು ಸಾಮಾನ್ಯವಾಗಿ ತೀರಾ ಹೊಸ ಆವೃತ್ತಿಯನ್ನು ಬಳಸುವುದಿಲ್ಲ. ಅವು ನೆಚ್ಚುವುದು ದೀರ್ಘಾವಧಿ ಬೆಂಬಲದ ಆವೃತ್ತಿಗಳನ್ನು. ಹೊಸ ಕರ್ನೆಲ್‌ನಲ್ಲಿ ಆದ ದೋಷಪರಿಹಾರಗಳನ್ನು ಆರಿಸಿ ಹಳೆಯದಕ್ಕೆ ಕಸಿ ಮಾಡುವ ಕೆಲಸವನ್ನು ಗ್ರೆಗ್ ಕ್ರೋಹ್-ಹಾರ್ಟ್‌ಮನ್, ಸಾಶಾ ಲೆವಿನ್ ಮೊದಲಾದವರು ನಡೆಸುತ್ತಾರೆ. ಕಸಿ ಮಾಡುವ ಪ್ಯಾಚ್ ಮುಖ್ಯವಾಹಿನಿಯಲ್ಲಿ ಮೊದಲೇ ಸೇರಿರಬೇಕು, ಚಿಕ್ಕದಾಗಿರಬೇಕು, ನಿಜವಾದ ತೊಂದರೆಯನ್ನು ಪರಿಹರಿಸಬೇಕು ಎಂಬ ಷರತ್ತುಗಳಿವೆ.

ಆದರೆ ಕಸಿಯಲ್ಲೂ ಅಪಾಯವಿದೆ. 2023ರ ನವೆಂಬರ್‌ನಲ್ಲಿ 6.1.64 ಎಂಬ ದೀರ್ಘಾವಧಿ ಆವೃತ್ತಿಗೆ ಎಕ್ಸ್ಟ್4ರ ಒಂದು ದೋಷಪರಿಹಾರವನ್ನು ತರಲಾಗಿತ್ತು. ಹೊಸ ಕರ್ನೆಲ್‌ನಲ್ಲಿ ಅದು ಸರಿಯಾಗಿಯೇ ಇತ್ತು, ಏಕೆಂದರೆ ಅಲ್ಲಿ ಅದಕ್ಕೆ ಪೂರ್ವಭಾವಿಯಾದ ಇನ್ನೊಂದು ಬದಲಾವಣೆ ಮೊದಲೇ ಆಗಿತ್ತು. ಹಳೆಯದರಲ್ಲಿ ಆ ಬದಲಾವಣೆ ಇರಲಿಲ್ಲ. ಪರಿಣಾಮವಾಗಿ ಒಂದು ಬಗೆಯ ಬರವಣಿಗೆಯಲ್ಲಿ ಕಡತದೊಳಗಿನ ಸ್ಥಾನಸೂಚಿ ಎರಡು ಬಾರಿ ಮುಂದೆ ಸರಿದು ದತ್ತಾಂಶ ತಪ್ಪು ಜಾಗಕ್ಕೆ ಬೀಳುವಂತಾಯಿತು. ಡೆಬಿಯನ್ ಸಂಸ್ಥೆ ತನ್ನ 12.3ನೇ ಬಿಡುಗಡೆಯನ್ನು ಅರ್ಧಕ್ಕೇ ತಡೆದು, ಡಿಸೆಂಬರ್ 10ರಂದು ಸರಿಪಡಿಸಿದ ಕರ್ನೆಲ್‌ನೊಡನೆ 12.4ನ್ನು ಹೊರತಂದಿತು.

ಇಂತಹ ಅಪಾಯವನ್ನು ಮುಂಗಂಡು ಎಕ್ಸ್ಎಫ್ಎಸ್ ಎಂಬ ಕಡತ ವ್ಯವಸ್ಥೆಯ ತಂಡ ಬೇರೆಯೇ ಹಾದಿ ಹಿಡಿದಿತ್ತು. ಪ್ಯಾಚುಗಳನ್ನು ಯಂತ್ರದ ನೆರವಿನಿಂದ ಆರಿಸಿ ಹಳೆಯ ಆವೃತ್ತಿಗೆ ಸೇರಿಸುವ ಪದ್ಧತಿ ತಮಗೆ ಬೇಡವೆಂದು ಅವರು ಹೇಳಿದರು. ಪೂರ್ಣ ಪರೀಕ್ಷೆಯಾಗದ ಹೊರತು ಕಸಿ ಬೇಡ ಎಂಬುದು ಅವರ ನಿಲುವು. ಇದಕ್ಕೂ ಬೆಲೆಯಿತ್ತು: ಹಳೆಯ ಆವೃತ್ತಿಗಳಲ್ಲಿ ಎಕ್ಸ್ಎಫ್ಎಸ್ ದೋಷಗಳು ಪರಿಹಾರ ಕಾಣದೆ ಉಳಿದವು. 2022ರ ವೇಳೆಗೆ ಒಂದು ನಡುದಾರಿ ಕಂಡುಕೊಳ್ಳಲಾಯಿತು. ಒಂದೊಂದು ಹಳೆಯ ಆವೃತ್ತಿಗೂ ಒಬ್ಬರು ಹೊಣೆ ಹೊತ್ತು, ಪ್ಯಾಚುಗಳನ್ನು ಕೈಯಾರೆ ಆರಿಸಿ, ಪರೀಕ್ಷಿಸಿ ಕಳುಹಿಸುವ ವ್ಯವಸ್ಥೆ ಅದು. 5.4ನೇ ಆವೃತ್ತಿಯ ಹೊಣೆ ಹೊತ್ತವರು ಭಾರತದ ಚಂದನ್ ಬಾಬು ಆರ್. ಮರುವರ್ಷ ಅವರು ಎಕ್ಸ್ಎಫ್ಎಸ್‌ನ ಮುಖ್ಯ ಉಸ್ತುವಾರಿಯನ್ನೇ ವಹಿಸಿಕೊಂಡು ಕೆಲಕಾಲ ನಿರ್ವಹಿಸಿದರು.

ಭದ್ರತೆಯ ಆತುರ

ದೋಷ ಭದ್ರತೆಗೆ ಸಂಬಂಧಿಸಿದ್ದಾದರೆ ನಿಧಾನಿಸಲು ಅವಕಾಶವೇ ಇರುವುದಿಲ್ಲ. 2018ರ ಆರಂಭದಲ್ಲಿ ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ಲೋಪಗಳು ಬಯಲಾದಾಗ ಕರ್ನೆಲ್‌ನಲ್ಲಿ ಒಂದರ ಹಿಂದೊಂದು ರಕ್ಷಣೆಗಳನ್ನು ಸೇರಿಸಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ, 4.20ರ ತಯಾರಿಯಲ್ಲಿ, ಅಂತಹ ಒಂದು ರಕ್ಷಣೆಯಿಂದ ಕೆಲವು ಕೆಲಸಗಳ ವೇಗ ಅರ್ಧದಷ್ಟು ಕುಸಿಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಕೆ? ಎಲ್ಲರ ಮೇಲೂ ಈ ಭಾರ ಹೇರಕೂಡದೆಂದು ಟೊರ್ವಾಲ್ಡ್ಸ್ ಪಟ್ಟುಹಿಡಿದರು. ಕೊನೆಗೆ ಅಗತ್ಯವಿರುವ ತಂತ್ರಾಂಶಗಳಿಗೆ ಮಾತ್ರ ಆ ರಕ್ಷಣೆ ಅನ್ವಯಿಸುವಂತೆ ಬದಲಿಸಲಾಯಿತು.

ಪರೀಕ್ಷೆ ತಪ್ಪಿದರೆ ಏನಾಗುತ್ತದೆಂಬುದನ್ನು ಬೆಂಗಳೂರಿಗರೂ ಕಂಡಿದ್ದಾರೆ. 2024ರ ಜುಲೈ 19ರ ಬೆಳಗ್ಗೆ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೂ ಸೇರಿದಂತೆ ದೇಶದ ಹಲವೆಡೆ ಪ್ರಯಾಣಿಕರ ಚೆಕ್-ಇನ್ ಅಸ್ತವ್ಯಸ್ತವಾಯಿತು. ಅಲ್ಲಿ ಕೈಕೊಟ್ಟದ್ದು ಲಿನಕ್ಸ್ ಅಲ್ಲ, ವಿಂಡೋಸ್ ಗಣಕಗಳು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ಭಾಗ ವಿಂಡೋಸ್‌ನ ಕರ್ನೆಲ್ ಮಟ್ಟದಲ್ಲೇ ಕೆಲಸ ಮಾಡುತ್ತಿತ್ತು. ಹೊಸ ದಾಳಿಗಳನ್ನು ಗುರುತಿಸಲೆಂದು ಕಳುಹಿಸಿದ ಪರಿಷ್ಕರಣೆಯಲ್ಲಿ ದೋಷವಿದ್ದು, ಅದನ್ನು ಪಡೆದ ಗಣಕಗಳು ಕುಸಿದವು. ಒಂದೂವರೆ ಗಂಟೆಯೊಳಗೆ ಪರಿಷ್ಕರಣೆಯನ್ನು ಹಿಂದೆಗೆದರೂ ಕಾಲ ಮಿಂಚಿತ್ತು. ಸುಮಾರು 85 ಲಕ್ಷ ಗಣಕಗಳು ತೊಂದರೆಗೀಡಾದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಪರಿಷ್ಕರಣೆಯನ್ನು ಮೊದಲು ಕೆಲವರಿಗೆ, ಆಮೇಲೆ ಉಳಿದವರಿಗೆ ಹಂತಹಂತವಾಗಿ ಕಳುಹಿಸುವ ಕ್ರಮವನ್ನು ಕಂಪನಿ ಆ ಬಳಿಕ ಘೋಷಿಸಿತು.

ಬೆಂಗಳೂರಿನ ಪಾಲು

ಈ ಕಥೆಯಲ್ಲಿ ಕರ್ನಾಟಕದ ಪಾತ್ರ ತೊಂದರೆ ಅನುಭವಿಸುವುದಕ್ಕಷ್ಟೇ ಸೀಮಿತವಲ್ಲ. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂದು ಆರಂಭವಾಗಿ 2005ರಿಂದ 'ಫಾಸ್ ಡಾಟ್ ಇನ್' ಎಂಬ ಹೆಸರಿನಲ್ಲಿ ನಡೆದ ಸಮಾವೇಶಗಳು ಮುಕ್ತ ತಂತ್ರಾಂಶದ ಬಳಗಕ್ಕೆ ಇಲ್ಲೊಂದು ನೆಲೆ ಒದಗಿಸಿದವು. ಬೆಂಗಳೂರಿನ ಐಬಿಎಂ ಲಿನಕ್ಸ್ ಕೇಂದ್ರದ ಎಂಜಿನಿಯರುಗಳು ದೋಷ ಹುಡುಕುವ ಉಪಕರಣಗಳನ್ನು ಬೆಳೆಸಿದವರಲ್ಲಿ ಪ್ರಮುಖರು. 2004ರಲ್ಲಿ 2.6.9ರೊಡನೆ ಬಂದ ಕೆಪ್ರೋಬ್ಸ್, 2012ರಲ್ಲಿ 3.5ರೊಡನೆ ಬಂದ ಅಪ್ರೋಬ್ಸ್ ಅಂತಹವು. ಓಡುತ್ತಿರುವ ವ್ಯವಸ್ಥೆಯನ್ನು ನಿಲ್ಲಿಸದೆ, ಬೇಕಾದ ಸ್ಥಳದಲ್ಲಿ ಏನು ನಡೆಯುತ್ತಿದೆ ಎಂದು ಇಣುಕಿ ನೋಡಲು ಇವು ನೆರವಾಗುತ್ತವೆ. ಯಾರ ತಪ್ಪು ಎಂಬ ವಾದಕ್ಕಿಂತ ತಪ್ಪು ಎಲ್ಲಿದೆ ಎಂಬ ಸಾಕ್ಷ್ಯ ಮುಖ್ಯವಲ್ಲವೆ?

ಸಾಕ್ಷ್ಯ ಸಂಗ್ರಹಕ್ಕೆ ಈಗ ಬೇರೆ ಏರ್ಪಾಡುಗಳೂ ಇವೆ. ಗೂಗಲ್‌ನ ಸಿಜ್‌ಬಾಟ್ ಹಗಲಿರುಳು ಕರ್ನೆಲ್‌ಗೆ ವಿಚಿತ್ರ ಆದೇಶಗಳನ್ನು ನೀಡಿ ದೋಷಗಳನ್ನು ಹೊರಗೆಳೆಯುತ್ತದೆ. ಜರ್ಮನಿಯ ಥಾರ್ಸ್ಟನ್ ಲೀಮ್‌ಹುಯಿಸ್ ವರದಿಯಾದ ಹಿನ್ನಡೆಗಳ ಪಟ್ಟಿ ಇಟ್ಟುಕೊಂಡು, ಪರಿಹಾರ ಸಿಗುವವರೆಗೆ ಸಂಬಂಧಪಟ್ಟವರ ಬೆನ್ನುಹತ್ತುತ್ತಾರೆ. ಆದರೂ ಲೋಕದ ಎಲ್ಲ ಯಂತ್ರಗಳನ್ನೂ ಒಂದೆಡೆ ಕೂಡಿಹಾಕಿ ಪರೀಕ್ಷಿಸುವುದು ಯಾರಿಂದಲೂ ಆಗದ ಮಾತು. 2019ರ ತೊಂದರೆ ಬೆಳಕಿಗೆ ಬಂದದ್ದು ಒಬ್ಬ ಬಳಕೆದಾರನ ಲ್ಯಾಪ್‌ಟಾಪಿನಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಕಾರ್ಖಾನೆಗೆ ಏನು ಪಾಠ?

ಮತ್ತೆ ವಸಂತನರಸಾಪುರದ ನಮ್ಮ ಊಹೆಯ ಕಾರ್ಖಾನೆಗೆ ಬರೋಣ. ಲೋಹ ಕೊರೆಯುವ ಯಂತ್ರಕ್ಕೆ ಹದಿನೈದು ವರ್ಷದ ಆಯುಷ್ಯವಿದ್ದರೂ ಆಶ್ಚರ್ಯವಿಲ್ಲ. ಕರ್ನೆಲ್‌ನ ಬೆಂಬಲ ಅಷ್ಟು ದೀರ್ಘವಲ್ಲ. ಕೆಲವು ಆವೃತ್ತಿಗಳಿಗೆ ಆರು ವರ್ಷ ಸಿಗುತ್ತಿದ್ದ ಬೆಂಬಲವನ್ನು ಎರಡು ವರ್ಷಕ್ಕೆ ಇಳಿಸುವ ನಿರ್ಧಾರ 2023ರಲ್ಲಿ ಪ್ರಕಟವಾಯಿತು. ಬೇಡಿಕೆ ಇರುವ ಆವೃತ್ತಿಗಳಿಗೆ ಅವಧಿ ವಿಸ್ತರಿಸುವುದುಂಟು. ಕೈಗಾರಿಕೆ ಮತ್ತು ಮೂಲಸೌಕರ್ಯಗಳಿಗಾಗಿಯೇ ಆಯ್ದ ಆವೃತ್ತಿಗಳನ್ನು ಹತ್ತು ವರ್ಷ ಕಾಯುವ ಸಿವಿಲ್ ಇನ್‌ಫ್ರಾಸ್ಟ್ರಕ್ಚರ್ ಪ್ಲಾಟ್‌ಫಾರ್ಮ್ ಎಂಬ ಯೋಜನೆಯನ್ನು ಲಿನಕ್ಸ್ ಫೌಂಡೇಷನ್ 2016ರಲ್ಲಿ ಆರಂಭಿಸಿದೆ. ನಿಗದಿತ ಕ್ಷಣದಲ್ಲೇ ಕೆಲಸ ಮುಗಿಯಬೇಕಾದ ಯಂತ್ರಗಳಿಗೆ ಬೇಕಾದ ರಿಯಲ್-ಟೈಮ್ ಸೌಲಭ್ಯ ಸುಮಾರು ಇಪ್ಪತ್ತು ವರ್ಷ ಹೊರಗೇ ಬೆಳೆದು, 2024ರ ನವೆಂಬರ್‌ನಲ್ಲಿ ಬಂದ 6.12ರಲ್ಲಿ ಮುಖ್ಯ ಕರ್ನೆಲ್‌ಗೆ ಸೇರಿತು. ಅವಸರಪಡದೆ ಸೇರಿಸಿದ್ದಕ್ಕೆ ಅದೊಂದು ಉದಾಹರಣೆ.

ಯಂತ್ರ ಖರೀದಿಸುವಾಗ ಅದರ ಕರ್ನೆಲ್ ಯಾವುದು, ಅದಕ್ಕೆ ಎಷ್ಟು ವರ್ಷ ಬೆಂಬಲವಿದೆ, ಪರಿಷ್ಕರಣೆಯನ್ನು ಪರೀಕ್ಷಿಸಿ ಕೊಡುವವರು ಯಾರು ಎಂದು ಕೇಳುವುದು ಮೊದಲ ಹೆಜ್ಜೆ. ಪರಿಷ್ಕರಣೆ ಬಂದಾಗ ಎಲ್ಲ ಯಂತ್ರಗಳಿಗೂ ಒಮ್ಮೆಲೇ ಹಾಕದೆ, ಕೆಲಸ ನಿಂತರೂ ನಡೆಯುವಂತಹ ಒಂದರ ಮೇಲೆ ಮೊದಲು ನೋಡುವುದು ಎರಡನೆಯದು. ಹಳೆಯ ಕರ್ನೆಲ್‌ಗೆ ಮರಳುವ ದಾರಿಯನ್ನು ತೆರೆದಿಟ್ಟುಕೊಳ್ಳುವುದು ಮೂರನೆಯದು. ಏನಾದರೂ ಕೆಟ್ಟರೆ ಸುಮ್ಮನೆ ಹಳೆಯದಕ್ಕೆ ಮರಳಿ ಕೂರದೆ, ಯಾವ ಆವೃತ್ತಿಯವರೆಗೆ ಸರಿಯಿತ್ತು, ಯಾವುದರಿಂದ ಕೆಟ್ಟಿತು ಎಂದು ತಯಾರಕರಿಗೆ ಬರೆದು ತಿಳಿಸುವುದು ನಾಲ್ಕನೆಯದು. ಈ ಎರಡು ಸಂಖ್ಯೆಗಳು ಗೊತ್ತಾದರೆ ನಡುವಣ ಸಾವಿರಾರು ಬದಲಾವಣೆಗಳನ್ನು ಅರ್ಧರ್ಧವಾಗಿ ಸೋಸುತ್ತ ತಪ್ಪಿತಸ್ಥ ಪ್ಯಾಚನ್ನು ಹತ್ತು ಹದಿನೈದು ಪರೀಕ್ಷೆಗಳಲ್ಲಿ ಹಿಡಿಯಬಹುದು.

ಪರಿಷ್ಕರಣೆಯೇ ಬೇಡವೆಂದು ಕದ ಹಾಕಿಕೊಂಡರೆ ಹಳೆಯ ದೋಷ ಒಳಗೇ ಉಳಿಯುತ್ತದೆ. ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಒಳಬಿಟ್ಟರೆ ಹೊಸ ದೋಷ ಬಂದೀತು. ಕರ್ನೆಲ್ ಬರೆಯುವವರು ಮೂರು ದಶಕಗಳಿಂದ ವಾದಿಸುತ್ತಿರುವುದು ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನೇ. ಅವರ ವಾದ ಸದ್ಯಕ್ಕೆ ಮುಗಿಯುವ ಲಕ್ಷಣವಿಲ್ಲ. ಓಡುತ್ತಿರುವ ಯಂತ್ರದ ಮುಂದೆ ನಿಂತವನ ಹಿತಕ್ಕೆ ಅದರಲ್ಲಿ ಮೊದಲ ಸ್ಥಾನವಿರುವಷ್ಟು ಕಾಲ, ಆ ವಾದ ನಡೆಯುತ್ತಿರುವುದೇ ಅವನಿಗೆ ಕ್ಷೇಮ.